ದಫೇದಾರರು ತಮ್ಮ ಕಾಲುಗಳ ಮೇಲೆ ಕೊಟ್ಟ ಪಿರ್ಯಾದಿ

ಓದುಗ ಮಹಾಶಯರ ಅವಗಾಹನೆಗೆ ವಿನಯಪೂರ್ವಕವಾಗಿ ತರುವುದೇನೆಂದರೆ, ಈ ದಿನ ಬೆಳಿಗ್ಗೆ ಬಸವೇಶ್ವರನಗರದ ವೈದ್ಯರೊಬ್ಬರು ನನ್ನ ಎಡಗಾಲಿಗೆ ಪಾದದಿಂದ ಮೊಣಕಾಲಿನವರೆಗೆ ಬಟ್ಟೆಯ ಪಟ್ಟಿಯನ್ನು ಸುತ್ತುಸುತ್ತಾಗಿ ಬಿಗಿದರು. ಎರಡನೆಯ ಸುತ್ತಿಗೇ ನನ್ನ ಮನಸ್ಸು ಐವತ್ತರ ದಶಕಕ್ಕೆ ಹೊರಟುಹೋಯಿತು. ಆಗ ನಾನು ರಾಜಾಜಿನಗರದಾಚೆಯ ಒಂದು ಹೊರಠಾಣೆಯಲ್ಲಿ ರೈಟರ್, ಅಂದರೆ ಬರವಣಿಗೆಯ ಪೇದೆ, ಆಗಿದ್ದೆ. ಸರ್ಕಾರಿ ಕಾಗದ ಬಿಟ್ಟು ಬೇರೇನನ್ನೂ ಬರೆದವನಲ್ಲ. ಪ್ರಬಂಧವೆಂಬುದು ಇದೇ ಪ್ರಥಮ. ಲೋಪದೋಷಗಳಿದ್ದಲ್ಲಿ ತಾವು ದಯಮಾಡಿ ಮನ್ನಿಸತಕ್ಕದ್ದು.

ಸದರಿ ಠಾಣೆಯೆಂದರೆ ಎರಡು ಕೋಣೆಯ ಹೆಂಚಿನ ಮನೆ. ಸುತ್ತಲೂ ನಿವೇಶನದ ಕಲ್ಲುಗಳು, ಕಲ್ಲುಗಳ ನಡುವೆ ಇನ್ನೂ ಜಾಗ ಬಿಡದ ರಾಗಿ ಹೊಲ. ಅಲ್ಲಿನ ಮುಖ್ಯ ಪೇದೆ ದಫೇದಾರ್ ಸಿದ್ದಪ್ಪನವರು. ಕೆಂಗೇರಿಯ ಕಡೆಗೂ ನಡೆದೇ ಹೋಗಿ ನಡೆದೇ ಬರುತ್ತಿದ್ದ ಮನುಷ್ಯ. ಆಗ ನಮಗೆಲ್ಲ ಚಡ್ಡಿ, ಮೊಣಕಾಲಿನ ಕೆಳಗೆ ಉಣ್ಣೆಯ ಕಾಲುಪಟ್ಟಿ. ಕುಳಿತರೆ ಪಟ್ಟಿಯ ಮಡಿಕೆ ಕೆಡುತ್ತದೆಂಬುದು ದಫೇದಾರರ ದೃಢ ನಂಬಿಕೆ. ಆದ್ದರಿಂದ ಒಮ್ಮೆ ಸುತ್ತಿದರೆ ಸಂಜೆ ಬಿಚ್ಚುವವರೆಗೆ ಅವರು ಕುಳಿತದ್ದಿಲ್ಲ. ಮಧ್ಯಾಹ್ನದ ಮುದ್ದೆಯನ್ನೂ ಕಿಟಕಿಯ ಕಟ್ಟೆಯ ಮೇಲೆ ತಟ್ಟೆಯಿಟ್ಟು ನಿಂತೇ ಉಣ್ಣುವರು. ಅವರ ಶಿಸ್ತಿಗೆ ಮಾರುಹೋಗಿ ನಾನೂ ಒಂದು ದಿನ ಹಾಗೆ ಪ್ರಯತ್ನಿಸಿದೆ. ಫಲಿತಾಂಶವಾಗಿ ಹುರುಳಿ ಸಾರು ನನ್ನ ಅಂಗಿಯ ಮೇಲೆ ಹಾಜರಾತಿ ಹಾಕಿತು.

ಒಂದು ಸಂಜೆ ಅವರು ಪಟ್ಟಿ ಬಿಚ್ಚುವಾಗ ನಾನು ಅಕಸ್ಮಾತ್ತಾಗಿ ಒಳಗೆ ಹೋದೆ. ಮೀನಖಂಡದ ಮೇಲೆ ನೀಲಿ ನರಗಳು ಬಳ್ಳಿಯಂತೆ ಸುತ್ತಿಕೊಂಡು ಉಬ್ಬಿದ್ದವು. ಅವರು ಗಾಬರಿಯಿಂದ ಪಕ್ಕದಲ್ಲಿದ್ದ ಪಂಚೆಯನ್ನು ಕಾಲಿನ ಮೇಲೆ ಎಳೆದುಕೊಂಡರು.

"ಯಾರಿಗೂ ಹೇಳ್ಬೇಡಿ ರೈಟ್ರೇ. ಡಾಕ್ಟ್ರು ನೋಡಿದ್ರೆ ಅನ್‌ಫಿಟ್ ಅಂತ ಬರೆದು ಮನೆಗೆ ಕಳಿಸ್ತಾರೆ. ಪಿಂಚಣಿಗೆ ಇನ್ನೂ ಮೂರು ವರ್ಷ ಐತೆ."

ಕಾಲಿಗೆ ದಿನಕ್ಕೊಂದಿಷ್ಟು ಹೊತ್ತು ವಿಶ್ರಾಂತಿ ಸಿಕ್ಕರೆ ಮೂರು ವರ್ಷ ದೂಡಬಹುದೆಂದು ನನಗೆ ತೋರಿತು. ಮೇಲಿನ ಕಚೇರಿಗೆ ಒಂದು ಸ್ಟೂಲು ಬೇಕೆಂದು ಬರೆದೆ. ಇದುವರೆಗೆ ಸ್ಟೂಲಿಲ್ಲದೆ ಕೆಲಸ ಹೇಗೆ ನಡೆಯಿತೆಂಬುದಕ್ಕೆ ಸಮಜಾಯಿಷಿ ಕೇಳಿ ಉತ್ತರ ಬಂತು. ಠಾಣೆಯಲ್ಲಿ ಒಂದು ಬೆಂಚೇನೋ ಇತ್ತು. ಆದರೆ ಅದು ಪಿರ್ಯಾದಿ ಕೊಡಲು ಬಂದವರದು. ಪೊಲೀಸರು ಅದರ ಮೇಲೆ ಕೂರುವ ಪದ್ಧತಿಯಿಲ್ಲ. ಹಾಗಾದರೆ ತಾವೂ ಒಂದು ಪಿರ್ಯಾದಿ ಕೊಟ್ಟು ಕುಳಿತುಕೊಳ್ಳಬಹುದಲ್ಲ ಎಂದು ನಾನು ತಮಾಷೆಗೆ ಹೇಳಿದೆ. ಅವರು ತಮಾಷೆಯೆಂದು ತಿಳಿಯಲಿಲ್ಲ. "ರಿಜಿಸ್ಟರ್‌ನಲ್ಲಿ ಬರೆದ್ರೆ ಕೂರ್ತೀನಿ. ಸುಳ್ಳು ಕಾಗ್ದಕ್ಕೆ ಕೂರಲ್ಲ" ಎಂದರು.

ಬರೆದೆ. ಪಿರ್ಯಾದಿದಾರರು: ದಫೇದಾರ್ ಸಿದ್ದಪ್ಪ. ಆಪಾದಿತರು: ಸದರಿಯವರ ಎಡಗಾಲು ಮತ್ತು ಬಲಗಾಲು. ದಿನವೂ ಊಟವಾದ ಮೇಲೆ ಅವರು ಬೆಂಚಿನ ಮೇಲೆ, ಪಟ್ಟಿಯ ಮಡಿಕೆ ಕೆಡದಂತೆ ಕಾಲು ಚಾಚಿ ಕುಳಿತು ಹೇಳಿಕೆ ಕೊಡುವರು. ನಾನು ದಿನಕ್ಕೊಂದು ಸಾಲು ಬರೆದುಕೊಳ್ಳುವೆ. ರಿಜಿಸ್ಟರಿನ ಪುಟಗಳಿಗೆ ಅಚ್ಚಾದ ಸಂಖ್ಯೆಯಿರುತ್ತದೆ, ಒಂದನ್ನೂ ಹರಿಯುವಂತಿಲ್ಲ ಎಂಬುದು ನೆನಪಾದದ್ದು ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದ ದಿನ.

ಸಾಹೇಬರು ಆ ಪುಟವನ್ನು ಎರಡು ಬಾರಿ ಓದಿದರು. ದಫೇದಾರರ ಕಣ್ಣು ನನ್ನ ಮೇಲಿತ್ತು. ಆ ನೋಟವನ್ನು ಯಾವ ರಿಜಿಸ್ಟರಿನಲ್ಲೂ ದಾಖಲಿಸಲಾರೆ.

"ರೀ ರೈಟರ್, ಆಪಾದಿತರನ್ನ ಹಾಜರು ಮಾಡಿಸ್ರೀ."

ದಫೇದಾರರು ನಿಂತಲ್ಲೇ ಬಗ್ಗಿ ಕಾಲುಪಟ್ಟಿ ಬಿಚ್ಚಿದರು. ಪಟ್ಟಿ ಮುಗಿಯುವಂತೆಯೇ ಕಾಣಲಿಲ್ಲ. ಸಾಹೇಬರು ನೋಡಿದರು. ಅನಂತರ ಆ ಪಿರ್ಯಾದಿಯ ಬೆಂಚಿನ ಮೇಲೆ ತಾವೇ ನಿಧಾನವಾಗಿ ಕುಳಿತು ತಮ್ಮ ಮೊಣಕಾಲನ್ನು ಒತ್ತಿಕೊಂಡರು.

"ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?"

"ಕೇಳಿದೋರು ಯಾರೂ ಇರ್ಲಿಲ್ಲ ಸ್ವಾಮಿ."

ಸಾಹೇಬರು ರಿಜಿಸ್ಟರ್ ತರಿಸಿಕೊಂಡು ಅಡಿಯಲ್ಲಿ ಬರೆದರು: ‘ಪಿರ್ಯಾದಿ ನಿಜ. ಪಿರ್ಯಾದಿದಾರರು ಇನ್ನು ಮುಂದೆ ಠಾಣೆಯೊಳಗೇ ಕೆಲಸ ಮಾಡತಕ್ಕದ್ದು, ಕುಳಿತು.’ ಸಿದ್ದಪ್ಪನವರು ಪಿಂಚಣಿಯವರೆಗೂ ಆ ಆಜ್ಞೆಯನ್ನು ಪಾಲಿಸಿದರು. ಮೊದಲ ವಾರ ಮಾತ್ರ ಯಾರಾದರೂ ಒಳಗೆ ಬಂದರೆ ತಟ್ಟನೆ ಎದ್ದುಬಿಡುತ್ತಿದ್ದರು.

ಇಂದು ಚಿಕಿತ್ಸಾಲಯದಿಂದ ಕುಂಟುತ್ತ ಮನೆಗೆ ಬರುವಾಗ ನಮ್ಮ ಬೀದಿಯ ತಿರುವಿನಲ್ಲಿ ಬಂದೋಬಸ್ತಿನ ಪೇದೆಯೊಬ್ಬರು ನಿಂತಿದ್ದರು. ನಿನ್ನೆಯೂ ಅಲ್ಲೇ ನಿಂತಿದ್ದರು. ನಾನು ನೋಡಿಯೂ ನೋಡದಂತೆ ಹೋಗಿದ್ದೆ. ಈ ದಿನ ಮನೆಯಿಂದ ಒಂದು ಕುರ್ಚಿ ತಂದಿಟ್ಟೆ.

"ಬೇಡ ಸಾರ್, ಯಾರಾದ್ರೂ ನೋಡ್ತಾರೆ."

ನಾನು ಕನ್ನಡಕ ಏರಿಸಿ, ಜೇಬಿನಿಂದ ಔಷಧಿಯ ಚೀಟಿಯನ್ನು ತೆಗೆದು ಅದರ ಹಿಂಬದಿಗೆ ಲೇಖನಿ ಹಚ್ಚಿದೆ.

"ನೋಡಿದ್ರೆ ಪಿರ್ಯಾದಿ ಕೊಡ್ತಾ ಇದೀನಿ ಅನ್ನಿ. ಹೇಳಿ, ಯಾವ ಕಾಲು?"

ಅವರು ನನ್ನ ಪಟ್ಟಿ ಸುತ್ತಿದ ಕಾಲನ್ನು ನೋಡಿದರು, ರಸ್ತೆಯ ಎರಡು ಕಡೆಗೂ ನೋಡಿದರು, ಮೆಲ್ಲನೆ ಕುಳಿತರು.

"ಎರಡೂನೂ ಸಾರ್," ಎಂದರು.

ಬರೆದುಕೊಂಡಿದ್ದೇನೆ.