ಸಿನಿಮಾದ ಕೊನೆಗೆ ಬರುವ ಲಾರಿ

ಸಿನಿಮಾ ನೋಡುವಾಗ ನನಗೆ ಸ್ವಂತ ಬುದ್ಧಿ ಅನ್ನುವುದು ಇರುವುದಿಲ್ಲ. ಕ್ಯಾಮೆರಾ ಯಾರ ಮುಖದ ಹತ್ತಿರ ಹೋಗಿ ನಿಲ್ಲುತ್ತದೋ ಅವರ ಪಕ್ಷ ಸೇರಿಬಿಡುತ್ತೇನೆ. ಬ್ಯಾಂಕು ದೋಚಿದವನಾದರೂ ಸರಿ, ಕಿಟಕಿ ಪಕ್ಕ ನಿಂತು ಕಣ್ಣು ಒದ್ದೆ ಮಾಡಿಕೊಂಡರೆ ಸಾಕು, ‘ಪಾಪ, ಅವನಿಗೇನು ಕಷ್ಟವೋ’ ಎಂದು ನಾನು ಸೆರಗು ಹುಡುಕುತ್ತೇನೆ. “ಅಮ್ಮಾ, ನಿನ್ನನ್ನ ಜಡ್ಜ್ ಮಾಡಿದ್ರೆ ಜೈಲೆಲ್ಲ ಖಾಲಿ” ಎಂದು ಮಗಳು ಹಾಸ್ಯ ಮಾಡುತ್ತಾಳೆ. ಇರಲಿ. ಜೈಲು ತುಂಬಿಸುವವರಿಗೇನು ಈ ಊರಲ್ಲಿ ಬರವಿಲ್ಲ.

ನನ್ನ ಈ ಪಕ್ಷಾಂತರ ಮಿತಿಮೀರುವುದು ಒಂದು ಬಗೆಯ ಚಿತ್ರಗಳಲ್ಲಿ. ಮದುವೆಯಾದ ಗಂಡಸು, ಅವನಿಗೊಬ್ಬ ಗೆಳೆಯ, ಆ ಗೆಳೆತನ ಬರೀ ಗೆಳೆತನವಲ್ಲ, ಹೆಂಡತಿಗೆ ಅದು ಗೊತ್ತಿಲ್ಲ. ಮಗಳ ದಯೆಯಿಂದ ಇಂಥವು ಕೆಲವನ್ನು ನೋಡಿದ್ದೇನೆ. ನಿರ್ದೇಶಕ ಗಂಡನ ಕಡೆಯವನಾದರೆ ಪಾಪದ ಹೆಂಡತಿ ಮೊದಲ ದೃಶ್ಯದಿಂದಲೇ ಪಾತ್ರೆ ಕುಕ್ಕಲು ಶುರುಮಾಡುತ್ತಾಳೆ. ಹೆಂಡತಿಯ ಕಡೆಯವನಾದರೆ ಆ ಗೆಳೆಯ ಬಾಗಿಲಿಗೆ ಒರಗಿ ಸಿಗರೇಟು ಸೇದುತ್ತಾನೆ. ಒಳ್ಳೆಯವನಾದರೆ ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುತ್ತಿರಲಿಲ್ಲವೇ? ಒಬ್ಬರಿಗೆ ಕಣ್ಣೀರು ಬಡಿಸಬೇಕಾದರೆ ಇನ್ನೊಬ್ಬರ ತಲೆಗೆ ತಪ್ಪು ಕಟ್ಟಬೇಕು, ಇದು ಲೆಕ್ಕ. ಯಾರ ತಲೆಗೂ ಸರಿಯಾಗಿ ಕಟ್ಟಲಾಗದಿದ್ದರೆ ಕೊನೆಗೆ ಒಂದು ಲಾರಿ ಬರುತ್ತದೆ. ಗೆಳೆಯ ರಸ್ತೆ ದಾಟುತ್ತಿರುತ್ತಾನೆ. ಮುಗಿಯಿತು, ದೀಪ ಹಾಕಿ.

ನಮ್ಮ ಹಿಂದಿನ ಲಾಕ್ಷಣಿಕರು ಒಂಬತ್ತು ರಸಗಳನ್ನು ಹೇಳಿದರು. ಕರುಣ, ಶೃಂಗಾರ ಎಲ್ಲ ಸರಿ. ಆದರೆ ‘ಯಾರ ತಪ್ಪು’ ಎನ್ನುವ ಹತ್ತನೆಯ ರಸವನ್ನು ಯಾಕೆ ಬಿಟ್ಟರೋ ಕಾಣೆ. ಅಲ್ಲಾಳಸಂದ್ರದ ನಮ್ಮ ಬೀದಿಯಲ್ಲಂತೂ ಆ ರಸವಿಲ್ಲದೆ ಮಧ್ಯಾಹ್ನದ ಕಾಫಿ ಇಳಿಯುವುದಿಲ್ಲ.

ಹೋದ ಅವರೆಕಾಯಿ ಕಾಲದ ಮಾತು ಹೇಳುತ್ತೇನೆ. ಸೊಗಡಿನ ಕಾಯಿ ಬಂತೆಂದರೆ ನಮ್ಮಲ್ಲಿ ಹಿತಕಿದಬೇಳೆ ಸಾರು ಆಗಲೇಬೇಕು. ಅದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದೇ ಕಾಳನ್ನು ಹೆಬ್ಬೆರಳಲ್ಲಿ ಹಿತುಕಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಂಗನೆ ಪಾತ್ರೆಗೆ ಹಾರುತ್ತದೆ, ಕೆಲವೊಮ್ಮೆ ಪಕ್ಕದವರ ಮೂಗಿಗೂ. ಅದಕ್ಕೇ ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಕೂಡಿ ಕೂರುತ್ತೇವೆ. ಆವತ್ತು ನಮ್ಮ ಮನೆಯ ಸರದಿ. ಇದ್ದವರು ನಾನು, ಎದುರು ಮನೆಯಲ್ಲೇ ಇರುವ ನನ್ನ ಅಕ್ಕ ಸರೋಜಾ, ಬಾಗಲಕೋಟೆ ಕಡೆಯ ಶಾಂತಕ್ಕ, ಮತ್ತೆ ಇದೇ ಊರಿನ ಹಳಬರು ಮುನಿನಂಜಮ್ಮ. ಮುನಿನಂಜಮ್ಮನ ರಾಗಿ ಹೊಲದ ಮೇಲೆ ಈಗ ಮೂರು ಬಾಡಿಗೆ ಕಟ್ಟಡಗಳು ನಿಂತಿವೆ. ಬಾಡಿಗೆದಾರರನ್ನು ಪ್ರಶ್ನೆ ಕೇಳಿ ಕೇಳಿ ಅವರ ನಾಲಿಗೆ ಚೂಪಾಗಿದೆ.

ಅಕ್ಕನ ಮನಸ್ಸು ಆ ದಿನ ಕಾಳಿನ ಮೇಲಿರಲಿಲ್ಲ. ಬರುವ ಭಾನುವಾರ ದೊಡ್ಡಬಳ್ಳಾಪುರಕ್ಕೆ ಹೆಣ್ಣು ನೋಡಲು ಹೋಗುವುದಿತ್ತು, ಅವಳ ಮಗ ಗಿರೀಶನಿಗೆ. ಗಿರೀಶ ಅಮೃತಹಳ್ಳಿಯಲ್ಲಿ ಸುಧಾಕರ ಎನ್ನುವ ಗೆಳೆಯನ ಜೊತೆ ಮನೆ ಮಾಡಿಕೊಂಡಿದ್ದಾನೆ. ದೀಪಾವಳಿಗೆ ಬಂದವನು ಅಮ್ಮನನ್ನು ಕೂರಿಸಿಕೊಂಡು, ಸುಧಾಕರನೇ ನನ್ನ ಸಂಗಾತಿ, ನನಗೆ ಹುಡುಗಿ ಹುಡುಕಬೇಡ ಎಂದು ಬಿಡಿಸಿ ಹೇಳಿದ್ದ. ಅಕ್ಕ ಅದನ್ನು ನನ್ನೊಬ್ಬಳಿಗೆ ಹೇಳಿದಳು, ಅದೂ ಅಡುಗೆಮನೆಯ ಫ್ಯಾನು ಹಾಕಿ, ಗೋಡೆಗೂ ಕೇಳಿಸದ ಹಾಗೆ. ಹೇಳಿ ಕಣ್ಣೊರೆಸಿಕೊಂಡು, “ಮದುವೆ ಆದ್ರೆ ಎಲ್ಲ ಸರಿಹೋಗತ್ತೆ ಕಣೇ” ಅಂದಳು. ಮಾರನೆಯ ದಿನದಿಂದ ಹೆಣ್ಣು ಹುಡುಕುವುದು ಎರಡರಷ್ಟು ಚುರುಕಾಯಿತು. ಹೋಗಿ ನೋಡಿ ಬಂದು ಮಾತು ಕೊಟ್ಟುಬಿಟ್ಟರೆ, ಆಮೇಲೆ ಮಗ ಅಮ್ಮನ ಮರ್ಯಾದೆ ಉಳಿಸದೆ ಇರುತ್ತಾನೆಯೇ ಎನ್ನುವುದು ಅವಳ ಧೈರ್ಯ. ನನ್ನ ಬಾಯಿಗೆ ಬಂದ ಮಾತುಗಳೆಲ್ಲ ಹಲ್ಲಿನ ತನಕ ಬಂದು ವಾಪಸು ಹೋಗುತ್ತಿದ್ದವು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನನ್ನ ಜಡೆ ಹೆಣೆದವಳು.

ಸರಿ, ಹಿತುಕಲು ಕೂರುವ ಮುಂಚೆ ಟೀವಿಯಲ್ಲಿ ಒಂದು ಸಿನಿಮಾ ಹಾಕಿದೆ. ಆರಿಸಿದ್ದು ಪೋಸ್ಟರು ನೋಡಿ: ಇಬ್ಬರು ಗಂಡಸರು ಬೆಟ್ಟದ ಮೇಲೆ ಹೆಗಲ ಮೇಲೆ ಕೈ ಹಾಕಿಕೊಂಡು ಕೂತಿದ್ದರು. ಗೆಳೆತನದ ಕಥೆ, ಹಾಡು ಚೆನ್ನಾಗಿರುತ್ತವೆ ಅಂದುಕೊಂಡೆ. ಅರ್ಧ ಬಟ್ಟಲು ಬೇಳೆ ತುಂಬುವಷ್ಟರಲ್ಲಿ ಇಬ್ಬರಲ್ಲಿ ಒಬ್ಬನಿಗೆ ಮದುವೆಯಾಗಿದೆ, ಮತ್ತೆ ಅದು ಎಂಥ ಗೆಳೆತನ ಎನ್ನುವುದು ಎಲ್ಲರಿಗೂ ಗೊತ್ತಾಯಿತು. ಆದರೆ ನಾಲ್ಕೂ ಜನರ ಕೈ ಮೊಣಕೈವರೆಗೆ ಲೋಳೆ. ರಿಮೋಟು ಸೋಫಾದ ಮೇಲೆ, ನಮ್ಮ ಯಜಮಾನರು ಹಾಕಿಸಿದ ಪ್ಲಾಸ್ಟಿಕ್ ಕವರಿನೊಳಗೆ ಭದ್ರವಾಗಿ ಕೂತಿತ್ತು. ಯಾರು ಏಳುತ್ತಾರೆ ಎಂದು ಒಬ್ಬರ ಮುಖ ಒಬ್ಬರು ನೋಡಿದೆವು. ಎದ್ದವರಿಗೆ ಅದು ಎಲ್ಲೋ ಚುಚ್ಚಿತು ಎಂದು ಅರ್ಥವಾಗುತ್ತದಲ್ಲ, ಹಾಗಾಗಿ ಯಾರೂ ಏಳಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಅಕ್ಕ ಏಳಲಿಲ್ಲ.

“ಆ ದೋಸ್ತು ಅವ್ನಲ್ಲ, ಅವ್ನೇ ಕಣವ್ವ ಇವನ್ನ ಕೆಡ್ಸಿದ್ದು,” ಎಂದು ಮುನಿನಂಜಮ್ಮ ತೀರ್ಪು ಶುರುಮಾಡಿದರು.

“ಕೆಡಾಕ ಇವನೇನ್ ಹಾಲೇನ್ರೀ?” ಅಂದರು ಶಾಂತಕ್ಕ. “ನನಗಂತೂ ಆ ಹುಡುಗಿದು ನೋಡಾಕ ಆಗವಲ್ದು. ತಾ ಚೆಂದ ಇಲ್ಲೇನೋ ಅಂತ ಕನ್ನಡಿ ಮುಂದ ನಿಂದರ್ತಾಳ್ರಿ, ಪಾಪ. ಆಕಿದೇನ್ ತಪ್ಪು?”

ನಾನು ರೂಢಿಯಂತೆ ಗಂಡನ ಪಕ್ಷದಲ್ಲಿದ್ದೆ. ಆ ಹೊತ್ತಿಗೆ ಕ್ಯಾಮೆರಾ ಅವನ ಹತ್ತಿರವಿತ್ತು. “ಅವನಿಗೂ ಉಸಿರು ಕಟ್ತಾ ಇದೆ ಕಣ್ರೀ,” ಅಂದೆ.

“ಉಸಿರು ಕಟ್ಟಿದ್ರೆ ಕಿಟ್ಕಿ ತೆಗೀಲಿ,” ಅಂದರು ಮುನಿನಂಜಮ್ಮ. “ಇನ್ನೊಬ್ಬರ ಮನೆ ಎಣ್ಣು ಯಾಕೆ?”

ಆಗ ಆ ದೃಶ್ಯ ಬಂತು. ಹಳೆಯ ನೆನಪು: ಮದುವೆಗೆ ಮುಂಚೆ ಮಗ ಅಮ್ಮನ ಮುಂದೆ ನಿಂತು ಏನೋ ಹೇಳುತ್ತಾನೆ. ಅಮ್ಮ ತಿರುಗಿ ಕೂಡ ನೋಡದೆ, ಒಗ್ಗರಣೆ ಹಾಕುತ್ತಲೇ ಅನ್ನುತ್ತಾಳೆ, ಮದುವೆ ಆದರೆ ಸರಿಹೋಗುತ್ತದೆ ಎಂದು. ಅಷ್ಟೇ. ಆಕೆಯ ಬೆನ್ನು ಮಾತ್ರ ಕಾಣುತ್ತದೆ.

ಮುನಿನಂಜಮ್ಮ ಕೈಯಲ್ಲಿದ್ದ ಕಾಳನ್ನು ಬಾಣದ ಹಾಗೆ ಬಿಟ್ಟರು. “ಇವ್ಳು! ಇವ್ಳಿಗೆ ಗೊತ್ತಿತ್ತು ಕಣ್ರವ್ವ! ಗೊತ್ತಿದ್ದೂ ಆ ಎಣ್ಣಿನ ಕುತ್ಗೆ ಕುಯ್ದವ್ಳೆ!” ಶಾಂತಕ್ಕನೂ “ಖರೇನ ನೋಡ್ರಿ, ಇಕೀದ ತಪ್ಪು” ಎಂದು ದನಿಗೂಡಿಸಿದರು. ಅಷ್ಟು ಹೊತ್ತು ಹಂಚಿ ಹೋಗಿದ್ದ ತಪ್ಪೆಲ್ಲ ಒಟ್ಟಾಗಿ ಹೋಗಿ ಆ ಬೆನ್ನಿನ ಮೇಲೆ ಬಿತ್ತು.

ಅಕ್ಕನ ಕೈ ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ಟೀವಿ ಕಡೆಯೂ ಇಲ್ಲ. ಬಟ್ಟಲಿನೊಳಗೆ ನೋಡುತ್ತಿದ್ದಳು.

ಕ್ಯಾಮೆರಾ ನನಗೆ ಸಹಾಯ ಮಾಡಲಿಲ್ಲ, ನಿಜ. ಆದರೂ ನಾನು ಬೆನ್ನೊಂದರ ಪಕ್ಷ ಸೇರಿದ್ದು ಅದೇ ಮೊದಲು. “ಆಕೆ ಮುಖ ತೋರಿಸ್ಲೇ ಇಲ್ವಲ್ರೀ,” ಅಂದೆ. “ಒಗ್ಗರಣೆ ಹಾಕ್ತಾ ಅಳ್ತಿದ್ಲೋ ಏನೋ. ನಾಳೆ ಜನ ಏನಂತಾರೆ, ನಾನು ಹೋದ ಮೇಲೆ ಇವನಿಗೆ ಯಾರು ಅಂತ ಹೆದರಿರ್ತಾಳೆ. ಹೆದರಿದೋರಿಗೆ ಕಣ್ಣು ಕಾಣಲ್ಲ. ಆ ಹುಡುಗಿ ಕಾಣಲಿಲ್ಲ, ಅಷ್ಟೇ.”

ಆಮೇಲೆ ಅಕ್ಕ, ಸಾರಿಗೆ ಉಪ್ಪು ಎಷ್ಟು ಎಂದು ಕೇಳುವ ದನಿಯಲ್ಲಿ, “ಸರಿ, ಹಾಗಾದ್ರೆ ಆ ಅಮ್ಮ ಏನ್ ಮಾಡ್ಬೇಕಿತ್ತು? ಹೇಳಿ ನೋಡೋಣ,” ಅಂದಳು.

ಯಾರ ತಪ್ಪು ಎಂದು ಹೇಳಲು ತುದಿಗಾಲಲ್ಲಿದ್ದ ನಮ್ಮ ನ್ಯಾಯಪೀಠ ಆ ಪ್ರಶ್ನೆಗೆ ತಡವರಿಸಿತು. “ನಂಗೆ ಇದೆಲ್ಲ ಒಪ್ಪಲ್ಲಮ್ಮ, ಇರೋದು ಏಳ್ತೀನಿ,” ಅಂದರು ಮುನಿನಂಜಮ್ಮ. “ಆದ್ರೆ ಒಪ್ದೆ ಇರಾಕೆ ಇನ್ನೊಂದು ಎಣ್ಣು ಯಾಕೆ ಬೇಕು? ಸುಮ್ಕೆ ಒಪ್ದೆ ಇರಬೋದಲ್ಲ.”

“ಒಪ್ಪೂದು ಬಿಡೂದು ಆಮ್ಯಾಲಿನ ಮಾತ್ರಿ,” ಅಂದರು ಶಾಂತಕ್ಕ. “ಮೊದಲ ಇಬ್ಬರನೂ ಕರದು ಒಂದು ಊಟಕ್ಕ ಹಾಕೂದು. ಉಂಡಕೋತ ಕುಂತ ಮಂದೀನ ನೋಡಿದ್ರ ಅಂಜಿಕಿ ಅರ್ಧ ಇಳೀತೈತಿ.”

ಸಿನಿಮಾ ಕೊನೆಗೆ ಬಂತು. ರಸ್ತೆ ಕಾಣಿಸಿತು. ಗೆಳೆಯ ಆ ಕಡೆ ನಿಂತಿದ್ದ. ನಾನು “ಈಗ ಲಾರಿ ಬರತ್ತೆ ನೋಡಿ” ಅನ್ನುವಷ್ಟರಲ್ಲಿ ಬಂದೇಬಿಟ್ಟಿತು. ಅಕ್ಕ “ಅಯ್ಯೋ!” ಎಂದು ಲೋಳೆ ಕೈಯನ್ನೇ ಬಾಯಿಗೆ ಒತ್ತಿಕೊಂಡಳು. “ಅವನನ್ನ ಯಾಕೆ ಸಾಯಿಸ್ಬೇಕಿತ್ತು? ಅವನಿಗೂ ಅಮ್ಮ ಇರಲ್ವೇನೇ?” ಎಂದು ನನ್ನನ್ನೇ ಗದರಿದಳು, ಲಾರಿ ನಾನೇ ಓಡಿಸಿದ ಹಾಗೆ. ಅತ್ತಳು ಕೂಡ. ಮುನಿನಂಜಮ್ಮ ಸೆರಗಿನಿಂದ ಅವಳ ಕೆನ್ನೆಗೆ ಅಂಟಿದ್ದ ಸಿಪ್ಪೆ ತೆಗೆದು, “ಸಿನ್ಮಾ ಕಣ್ ಸರೋಜಾ, ಇಂಗೆಲ್ಲ ಮನಸಿಗೆ ಅಚ್ಕೋಬಾರ್ದು” ಅಂದರು. ಅವರಿಗೇನಾದರೂ ತಿಳಿದಿತ್ತೋ ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ.

ಒಂದು ಸಿನಿಮಾ ನೋಡಿ ಜನ ಬದಲಾಗುತ್ತಾರೆ ಎಂದು ಹೇಳಲು ನಾನು ಹೊರಟಿಲ್ಲ. ಹಾಗಿದ್ದರೆ ಇಷ್ಟು ವರ್ಷದಲ್ಲಿ ನಾವೆಲ್ಲ ದೇವತೆಗಳಾಗಬೇಕಿತ್ತು. ಆದರೆ ತಪ್ಪಿನ ಬಗ್ಗೆ ನನಗೊಂದು ಮಾತು ಹೊಳೆದಿದೆ. ಬೈದರೆ ಮನುಷ್ಯ ತನ್ನ ತಪ್ಪನ್ನು ಸೆರಗಿನ ಗಂಟಿನಂತೆ ಇನ್ನೂ ಬಿಗಿಯಾಗಿ ಕಟ್ಟಿಕೊಳ್ಳುತ್ತಾನೆ. ಒಬ್ಬರಾದರೂ ಪಾಪ ಅಂದರೆ ಗಂಟು ಸಡಿಲಿಸಿ ತಾನೇ ಒಮ್ಮೆ ಒಳಗೆ ಇಣುಕುತ್ತಾನೆ. ಅಕ್ಕ ಮಾರನೆಯ ಬೆಳಿಗ್ಗೆ ನಮ್ಮ ಮನೆಗೆ ಬಂದು, ನನ್ನೆದುರಿಗೇ ದೊಡ್ಡಬಳ್ಳಾಪುರಕ್ಕೆ ಫೋನು ಮಾಡಿದಳು. “ನಮ್ಮ ಹುಡುಗನಿಗೆ ಮದುವೆ ಮನಸ್ಸಿಲ್ಲ ಕಣಮ್ಮ. ನಿಮ್ಮ ಹುಡುಗಿ ಬಂಗಾರದಂಥವಳು, ಅವಳನ್ನೇ ಬೇಕು ಅನ್ನೋ ಮನೆ ಸಿಗಲಿ,” ಅಂದಳು. ಫೋನು ಇಟ್ಟಳು. ಆಮೇಲೆ, “ಆ ಹುಡುಗ ಖಾರ ತಿಂತಾನೇನೇ?” ಅಂದಳು.

ಯಾವ ಹುಡುಗ ಎಂದು ಕೇಳುವಷ್ಟು ದಡ್ಡಿ ನಾನಲ್ಲ.

ಹೆಣ್ಣು ನೋಡಬೇಕಿದ್ದ ಭಾನುವಾರ ಅಕ್ಕನ ಮನೆಯಲ್ಲಿ ಹಿತಕಿದಬೇಳೆ ಸಾರು, ಅಕ್ಕಿ ರೊಟ್ಟಿ. ಗಿರೀಶ, ಸುಧಾಕರ ಇಬ್ಬರೂ ಸ್ಕೂಟರಿನಲ್ಲಿ ಬಂದರು. ಊಟದಲ್ಲಿ ದೊಡ್ಡ ಮಾತೇನೂ ಆಗಲಿಲ್ಲ. ಹೆಬ್ಬಾಳದ ಟ್ರಾಫಿಕ್ಕಿನ ಬಗ್ಗೆ ಇಷ್ಟು ವಿವರವಾಗಿ ಮಾತಾಡಬಹುದೆಂದು ನನಗೆ ಗೊತ್ತಿರಲಿಲ್ಲ. ಅಕ್ಕ ಸುಧಾಕರನನ್ನು ಹೆಸರು ಹಿಡಿದು ಕರೆಯಲಿಲ್ಲ, ‘ಏನಪ್ಪಾ’ ಅಂದಳು. ಆದರೆ ಅವನ ರೊಟ್ಟಿಯ ಮೇಲೆ ತುಪ್ಪ ಹಾಕುವಾಗ ಅವಳ ಕೈಗೆ ಲೆಕ್ಕ ತಪ್ಪಿತ್ತು. ಅವನು ಪಾಪ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ಎರಡು ಸಲ ಸಾರು ಹಾಕಿಸಿಕೊಂಡ. ಖಾರ ತಿನ್ನುವವನಲ್ಲ ಎನ್ನುವುದು ಸ್ಪಷ್ಟವಾಯಿತು.

ಹೊರಡುವಾಗ ಅಕ್ಕ ಗೇಟಿನ ತನಕ ಬಂದಳು. ಗಿರೀಶ ಸ್ಕೂಟರು ಸ್ಟಾರ್ಟ್ ಮಾಡಿದ. ಸುಧಾಕರ ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು ಹಿಂದೆ ಕೂತ.

“ಸುಧಾಕರ,” ಅಂದಳು ಅಕ್ಕ, ಗಟ್ಟಿಯಾಗಿ, ಬೀದಿಗೇ ಕೇಳಿಸುವ ಹಾಗೆ. “ಅದು ಕೈಗಲ್ಲಪ್ಪ, ತಲೆಗೆ ಹಾಕ್ಕೋ. ಹಿಂದೆ ಕೂತೋರೂ ಹಾಕ್ಕೋಬೇಕು. ಬಳ್ಳಾರಿ ರೋಡಲ್ಲಿ ಲಾರಿ ಜಾಸ್ತಿ.”

ಅವನು ಹಾಕಿಕೊಂಡು, ಪಟ್ಟಿ ಬಿಗಿದು, ಸರಿಯಾಗಿದೆಯಾ ಎನ್ನುವ ಹಾಗೆ ಅವಳ ಕಡೆ ನೋಡಿದ. ಅಕ್ಕ ಒಮ್ಮೆ ಬಗ್ಗಿ ಪಟ್ಟಿ ಎಳೆದು ನೋಡಿ, “ಹ್ಞೂಂ, ಹೋಗ್ಬನ್ನಿ” ಅಂದಳು.