ಉಂಡಿ ಬುಟ್ಟಿಯ ತಳದ ಪತ್ತೇದಾರ

ಒಂದು ಪುಸ್ತಕದ ಕೊನೆಯ ಕೆಲವು ಹಾಳೆಗಳು ನನ್ನ ಟ್ರಂಕಿನಲ್ಲಿವೆ. ಉಳಿದ ಪುಸ್ತಕ ಮುದ್ದೇಬಿಹಾಳದಲ್ಲಿ ಅಕ್ಕನ ಮನೆಯಲ್ಲಿದೆ. ಹರಿದವಳು ನಾನೇ. ಎಪ್ಪತ್ತರ ದಶಕದ ಮಾತು, ಆಗ ನನಗೆ ಹನ್ನೆರಡು ವರ್ಷ. ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಇಂಡಿಯಲ್ಲಿ ನಮ್ಮದು ನಿಂಬೆಯ ತೋಟ. ಅಪ್ಪ ಸಿಂದಗಿಗೆ ಹೋದಾಗಲೆಲ್ಲ ಅಲ್ಲಿನ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಅಕ್ಕನಿಗೂ ನನಗೂ ಸೇರಿಸಿ ಒಂದು ಪತ್ತೇದಾರಿ ಪುಸ್ತಕ ತರುತ್ತಿದ್ದ. ಎಲ್ಲ ಒಂದೇ ಮಾಲೆಯವು. ಪತ್ತೇದಾರ ಹದಿನೇಳು ವರ್ಷದ ಹುಡುಗ. ಅವನ ಅಕ್ಕ ಸತ್ತು ದೆವ್ವವಾಗಿದ್ದಳು, ಅವನ ಕಣ್ಣಿಗೆ ಮಾತ್ರ ಕಾಣುತ್ತಿದ್ದಳು. ಬೀಗ ಹಾಕಿದ ಕೋಣೆಗಳೊಳಗೆ ನುಗ್ಗಿ, ಕಳ್ಳರ ಮಾತು ಕೇಳಿಸಿಕೊಂಡು ಬಂದು ತಮ್ಮನಿಗೆ ಹೇಳುವುದು ಅವಳ ಕೆಲಸ.

ನಾವಿಬ್ಬರೂ ಬಾವಿಯ ಪಕ್ಕ ನಿಂಬೆಗಿಡದ ನೆರಳಲ್ಲಿ ಕೂತು ಜೋರಾಗಿ ಓದುತ್ತಿದ್ದೆವು, ಒಂದು ಪುಟ ಅವಳು, ಒಂದು ಪುಟ ನಾನು. ದೆವ್ವದ ಮಾತು ಬಂತೆಂದರೆ ಪುಟ ಯಾರದೇ ಇರಲಿ, ಅಕ್ಕನೇ ಓದಬೇಕು. ಮೂಗಿನಿಂದ ದನಿ ತೆಗೆದು ಓದುತ್ತಿದ್ದಳು ನೋಡಿ, ಹಾಡುಹಗಲಲ್ಲೇ ಮೈ ಜುಮ್ಮೆನ್ನುತ್ತಿತ್ತು. ಈಗಲೂ ನಿಂಬೆಹಣ್ಣು ಹೆಚ್ಚುವಾಗ ನನಗೆ ಆ ದನಿ ಕೇಳಿಸುತ್ತದೆ.

ಹತ್ತನೆಯ ಪುಸ್ತಕದ ಹಿಂದೆ, ಮುಂದಿನದೇ ಕಡೆಯದು, ಪತ್ತೇದಾರನ ಅಕ್ಕನನ್ನು ಕೊಂದವರು ಯಾರೆಂದು ಅದರಲ್ಲಿ ತಿಳಿಯುತ್ತದೆ ಎಂದು ಅಚ್ಚಾಗಿತ್ತು. ಅದು ಬರುವುದರೊಳಗೆ ನಮ್ಮ ಅಕ್ಕನ ಮದುವೆಯೇ ಆಗಿಹೋಯಿತು. ಗಂಡನ ಮನೆಗೆ ಹೊರಟ ದಿನ ಅವಳು ನನ್ನ ಕೈ ಹಿಡಿದು, "ಕಡೀ ಪುಸ್ತಕ ಬಂದ್ರ ಒಬ್ಬಾಕಿನ ಓದಬ್ಯಾಡ. ಪಂಚಮಿಗೆ ಬರ್ತೇನಿ, ಕೂಡಿ ಓದೂಣು," ಎಂದಳು. ನಾನು ಅವಳ ಕೈ ಮೇಲೆ ಕೈ ಇಟ್ಟು ಆಣೆ ಮಾಡಿದೆ.

ಪುಸ್ತಕ ಬಂತು. ಅದನ್ನು ಟ್ರಂಕಿನಲ್ಲಿಟ್ಟು ದಿನಕ್ಕೊಮ್ಮೆ ಮುಟ್ಟಿ ನೋಡುತ್ತಿದ್ದೆ, ಬಿಚ್ಚಲಿಲ್ಲ. ನಾಗರಪಂಚಮಿಗೆ ನಾಲ್ಕು ದಿನ ಇರುವಾಗ ಅಕ್ಕನ ಅತ್ತೆ ಬರೆಸಿದ ಕಾರ್ಡು ಬಂತು: ಹೊಲದಲ್ಲಿ ಕಳೆ ಬಹಳ, ಈ ಸಲ ಸೊಸೆಯನ್ನು ಕಳಿಸಲು ಆಗುವುದಿಲ್ಲ. ಮೊದಲ ಪಂಚಮಿಗೇ ಮಗಳು ಬರುವುದಿಲ್ಲವಲ್ಲ ಎಂದು ಅವ್ವ ಕಣ್ಣೊರೆಸಿಕೊಳ್ಳುತ್ತಲೇ ಹಬ್ಬದ ಸಿಹಿ ಉಂಡಿ ಕಟ್ಟಿದಳು. ಮಗಳು ಬರದಿದ್ದರೆ ಉಂಡಿ ಬುಟ್ಟಿಯಾದರೂ ಅವಳ ಮನೆಗೆ ಹೋಗಬೇಕು, ಅದು ನಮ್ಮ ಕಡೆಯ ರೀತಿ.

ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಮೇಲಲ್ಲ, ಅಕ್ಕನ ಮೇಲೆ. ಹಟ ಮಾಡಿ ಬರಬಾರದಿತ್ತೇ? ಕೊನೆಯ ಅಧ್ಯಾಯವನ್ನು ಪರ್ ಎಂದು ಹರಿದು, ಓದದೆ ಇಟ್ಟುಕೊಂಡೆ. ಉಳಿದದ್ದರಲ್ಲಿ "ಕಡೀದು ಬೇಕಂದ್ರ ಊರಿಗೆ ಬಾ" ಎಂಬ ಚೀಟಿ ಇಟ್ಟು, ಯಾರಿಗೂ ಕಾಣದಂತೆ ಬುಟ್ಟಿಯ ತಳದಲ್ಲಿ, ಉಂಡಿಗಳ ಕೆಳಗೆ ಹುದುಗಿಸಿದೆ.

ಬುಟ್ಟಿ ಹೊತ್ತು ಹೋದ ಕಾಕಾ ಬಾಗೇವಾಡಿಯಲ್ಲಿ ಬಸ್ ಬದಲಿಸಿ, ಮೂರನೆಯ ದಿನ ತಿರುಗಿ ಬಂದವನೇ ನನ್ನನ್ನು ಕರೆದ. "ಏನ ಮಾಡಿಟ್ಟೀಯವಾ ನೀ! ಓಣಿ ಹೆಣ್ಮಕ್ಕಳೆಲ್ಲಾ ಸುತ್ತ ಕುಂತಾರ. ಅತ್ತಿ ಒಂದೊಂದ ಉಂಡಿ ತಗದ ಹಂಚಾಕತ್ತಾಳ. ತಳದಾಗ ನೋಡಿದ್ರ ದೆವ್ವಿನ ಚಿತ್ರದ ಪುಸ್ತಕ! ಅಕ್ಕನ ಮಾರಿ ಬೆಳ್ಳಗಾತು."

ತವರಿನ ಬುಟ್ಟಿಯನ್ನು ಸೊಸೆ ಬಿಚ್ಚುವುದಿಲ್ಲ, ಅತ್ತೆ ಬಿಚ್ಚುತ್ತಾಳೆ, ಅದೂ ನಾಲ್ಕು ಮಂದಿಯ ಎದುರು. ಆ ಮಾತು ನನಗೆ ಯಾರು ಹೇಳಿದ್ದರು? ಅವ್ವ ಬೆನ್ನಿಗೆ ಎರಡು ಬಿಟ್ಟಳು. ಅದಕ್ಕೆ ನಾನು ಅಳಲಿಲ್ಲ. ನನ್ನ ದೆಸೆಯಿಂದ ಅಕ್ಕ ಬೈಗುಳ ಕೇಳಬೇಕಾಯಿತಲ್ಲ, ಇನ್ನು ಆ ಅತ್ತೆ ಅವಳನ್ನು ಎಂದೂ ಕಳಿಸುವುದಿಲ್ಲವಲ್ಲ ಎಂದು ಬಾವಿಕಟ್ಟೆಯ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತೆ.

ಹದಿನೈದು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಂದೆ, ಸೊಂಟದ ಮೇಲೆ ಕೈ ಇಟ್ಟುಕೊಂಡು, ಅತ್ತೆ!

"ಬರ್ರಿ ಬೀಗತ್ಯಾರ, ಒಳಗ ಬರ್ರಿ," ಎಂದಳು ಅವ್ವ, ಸೆರಗು ಸರಿಮಾಡಿಕೊಳ್ಳುತ್ತ.

"ಬರೂದು ಆಮ್ಯಾಲೆ. ಹಾಳಿ ಹರದಾಕಿ ಎಲ್ಲಿ ಅದಾಳ?"

ನಾನು ಕಂಬದ ಹಿಂದೆ ಸರಿದೆ. ಅತ್ತೆ ಕಂಡುಹಿಡಿದರು.

"ಏ ಹುಡುಗಿ, ಏನ ಬರದಾರ ನೋಡೂಣಂತ ನಿಮ್ಮ ಅಕ್ಕನ ಕಡಿಂದ ಓದಿಸಿದೆ. ದಿನಾ ನಾ ರೊಟ್ಟಿ ಬಡಿಯೂದು, ಆಕಿ ಓದೂದು. ಇನ್ನೇನ ಕೊಂದಾವ ಸಿಗಬೇಕು, ಹಾಳೀನ ಇಲ್ಲ! ನನಗ ಉಂಡದ್ದ ಮೈಗೆ ಹತ್ತವಲ್ದು. ತಗೊಂಡ ಬಾ."

ಅವತ್ತು ಪಡಸಾಲೆಯಲ್ಲಿ ನಾನೂ ಅಕ್ಕನೂ ಪುಟಕ್ಕೊಬ್ಬರಂತೆ ಓದಿದೆವು. ಕೊಂದವನು ಆ ಅಕ್ಕ-ತಮ್ಮನನ್ನು ಸಾಕಿದ ಸೋದರಮಾವನೇ ಎಂದಾಗ ಅತ್ತೆ ತೊಡೆ ಬಡಿದುಕೊಂಡು, "ನಾ ಹೇಳಿದ್ದಿಲ್ಲೇನ!" ಎಂದು ಕೂಗಿದರು. ಆಮೇಲೆ ದೆವ್ವದ ಅಕ್ಕ ತಮ್ಮನಿಗೆ, ನನ್ನ ಕೆಲಸ ಮುಗಿಯಿತು, ಇನ್ನು ನನ್ನನ್ನು ಕರೆಯಬೇಡ ಎನ್ನುವ ಜಾಗ ಬಂತು. ಅದನ್ನು ಅಕ್ಕ ಮೂಗಿನ ದನಿಯಲ್ಲಿ ಓದಲಿಲ್ಲ, ತನ್ನದೇ ದನಿಯಲ್ಲಿ ಓದಿದಳು. ನನಗೆ ತಡೆಯಲಾಗಲಿಲ್ಲ, ಅವಳ ಮಡಿಲಲ್ಲಿ ಮುಖ ಹಾಕಿ ಅತ್ತುಬಿಟ್ಟೆ.

ಸಂಜೆ ನಾನು ತಪ್ಪು ತಿದ್ದಿಕೊಳ್ಳಲು ಹಾಳೆ ಅಂಟಿಸೋಣವೆಂದು ಗೋಂದು ತಂದೆ. ಅತ್ತೆ ನನ್ನ ಕೈ ಹಿಡಿದು ತಡೆದರು.

"ಹಚ್ಚಬ್ಯಾಡ. ಪುಸ್ತಕದಾಗಿನಾಕಿ ಸತ್ತಾಕಿ, ಹೋದ್ಲು. ಈಕಿ ಜೀವಂತ ಅದಾಳ. ಪುಸ್ತಕ ನಮ್ಮಲ್ಲಿರ್ಲಿ, ಹಾಳಿ ನಿನ್ನಲ್ಲಿರ್ಲಿ. ವರ್ಷಾ ವರ್ಷಾ ಪಂಚಮಿಗೆ ಓದಾಕ ಬರ್ತಾಳ."

ಆ ಹಿರಿಯ ಜೀವ ಇರುವತನಕ, ಹೊಲದಲ್ಲಿ ಕಳೆ ಎಷ್ಟೇ ಇರಲಿ, ಪಂಚಮಿಯ ಹಿಂದಿನ ದಿನ ಅಕ್ಕ ಬಸ್ಸಿನಿಂದ ಇಳಿಯುತ್ತಿದ್ದಳು, ಕಂಕುಳಲ್ಲಿ ತುಪ್ಪದ ಕಲೆಯಾದ ಆ ಪುಸ್ತಕ ಇಟ್ಟುಕೊಂಡು.