ಸೊರೆ ಬಿಟ್ಟ ಕೆಂದಿ

ಹೋದ ವರ್ಷ ಯುಗಾದಿಯ ಹೊತ್ತಿಗೆ ಕ್ಯಾತನಹಳ್ಳಿಯ ನಮ್ಮ ಮನೆಯಲ್ಲಿ ಎರಡು ತೊಟ್ಟಿಲು ತೂಗುತ್ತಿದ್ದವು. ಒಂದು ನನ್ನ ಮಗಳದು, ಇನ್ನೊಂದು ನನ್ನ ಓರಗಿತ್ತಿ ರಮ್ಯಳ ಮಗನದು. ಎರಡು ಕೂಸುಗಳಿಗೂ ಒಂದೇ ತಿಂಗಳ ಅಂತರ. ಇಬ್ಬರೂ ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದಿದ್ದೆವು. ಆದರೆ ಅವಳಿಗೆ ಎದೆಹಾಲು ಉಕ್ಕುತ್ತಿತ್ತು, ನನಗೆ ಇರಲಿಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ, ಯಾರು ಏನು ಹೇಳಿದರೂ ತಿಂದೆ. ಕೊನೆಗೆ ಡಾಕ್ಟರು ಪುಡಿ ಹಾಲು ಬರೆದುಕೊಟ್ಟರು.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ರಮ್ಯ ಹಾಲುಣಿಸುವುದರ ಬಗ್ಗೆ ರೀಲ್ಸ್ ಮಾಡಿ ಹಾಕತೊಡಗಿದಳು. ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತಲೆ ಹೇಗೆ ಹಿಡಿಯಬೇಕು, ತೇಗು ಹೇಗೆ ತರಿಸಬೇಕು ಎಂದೆಲ್ಲ ಹೇಳುತ್ತಿದ್ದಳು. ಜನ ಮುಗಿಬಿದ್ದು ನೋಡಿದರು. ಪಕ್ಕದ ಮನೆಯ ಜಯಮ್ಮ ಬಂದವಳೇ, "ನಿನ್ ಈಡಿಯೋ ನೋಡ್ದೆ ಕಣವ್ವ, ಏನ್ ಚೆಂದಾಗ್ ಏಳ್ತೀಯೆ" ಎಂದು ಅವಳ ಗಲ್ಲ ಸವರಿ, ನನ್ನ ಕಡೆ ತಿರುಗಿ "ನಿಂಗಿನ್ನೂ ಬರ್ನಿಲ್ವಾ?" ಎಂದಳು, ಬೀದಿ ನಲ್ಲಿಯ ನೀರಿನ ವಿಷಯ ಕೇಳಿದಂತೆ. ನನ್ನ ಹೊಟ್ಟೆ ಉರಿದು ಹೋಯಿತು. ಮುಚ್ಚಿಡುವುದೇನು, ಅದು ಶುದ್ಧ ಹೊಟ್ಟೆಕಿಚ್ಚೇ.

ಒಂದು ದಿನ ಹಾಕಿದ ವೀಡಿಯೋದಲ್ಲಿ ರಮ್ಯ, "ಹಾಲು ಬರಲ್ಲ ಅನ್ನೋದೆಲ್ಲ ಸುಳ್ಳು. ತಾಯಿ ಮನಸ್ಸು ಮಾಡ್ಬೇಕು ಅಷ್ಟೆ" ಎಂದುಬಿಟ್ಟಳು. ಅವಳ ಮಾತಿನ ಹಿಂದೆ ಟಕಟಕ ಎಂಬ ಸದ್ದು ಕೇಳುತ್ತಿತ್ತು. ಅದು ಅಡುಗೆಮನೆಯಲ್ಲಿ ನಾನು ಬಾಟಲಿ ಕುದಿಸುತ್ತಿದ್ದ ಸದ್ದು.

ಆವತ್ತೇ ಮಧ್ಯಾಹ್ನ ಗುಲಾಬಿ ಹೂವಿನ ಚಿತ್ರ ಹಾಕಿ ಸುಳ್ಳು ಹೆಸರಿನಲ್ಲಿ ಒಂದು ಖಾತೆ ತೆರೆದೆ. ಆ ವೀಡಿಯೋದ ಕೆಳಗೆ, "ಸೊರೆ ಬಿಟ್ಟ ಕೆಂದಿ ಥರ ಊರಿಗೆಲ್ಲ ತೋರಿಸಬೇಡ. ಮಾನ ಮರ್ಯಾದೆ ಇಲ್ವಾ?" ಎಂದು ಬರೆದೆ. ಕರು ಬಾಯಿ ಹಾಕಿದ ಮೇಲೆ ಹಸು ಕೆಚ್ಚಲಿಗೆ ಹಾಲಿಳಿಸುವುದಕ್ಕೆ ನಮ್ಮ ಕಡೆ ಸೊರೆ ಬಿಡುವುದು ಎನ್ನುತ್ತಾರೆ. ಶ್ರೀರಂಗಪಟ್ಟಣದ ಪೇಟೆಯಲ್ಲಿ ಬೆಳೆದ ರಮ್ಯಳಿಗೆ ಮದುವೆಯಾಗಿ ಬಂದಾಗ ಅದೂ ತಿಳಿದಿರಲಿಲ್ಲ. "ಸೊರೆ ಅಂದ್ರೇನತ್ತೆ?" ಎಂದು ಕೇಳಿ ನಮ್ಮನ್ನೆಲ್ಲ ನಗಿಸಿದ್ದಳು.

ಸಂಜೆಯ ಹೊತ್ತಿಗೆ ನನ್ನ ಮಾತಿನ ಕೆಳಗೆ ಜಾತ್ರೆಯೇ ನೆರೆದಿತ್ತು. ಕೆಲವರು ನನ್ನನ್ನು ಬೈದರು, ಕೆಲವರು ಅವಳನ್ನು. ಯಾರೋ ಬೆಂಗಳೂರಿನವಳು "ಸೊರೆ ಅಂದರೇನು, ಕೆಂದಿ ಯಾರು?" ಎಂದು ಕೇಳಿದ್ದಳು. ಆಮೇಲೆ ಗಂಡಸರು ಬಂದರು. ಅವರು ಬರೆದದ್ದನ್ನು ಇಲ್ಲಿ ಹೇಳಲಾರೆ. ಬಾಗಿಲು ತೆಗೆದುಕೊಟ್ಟವಳು ನಾನೇ ಎಂದು ಗೊತ್ತಾಯಿತು. ಅಳಿಸಿ ಹಾಕೋಣವೆಂದು ನೋಡುವಷ್ಟರಲ್ಲಿ ಮೈದುನನೇ ಅದನ್ನೆಲ್ಲ ಓದಿ, ಹೆಂಡತಿಯ ಮೇಲೆ ಕೂಗಾಡಿ ವೀಡಿಯೋಗಳನ್ನೆಲ್ಲ ತೆಗೆಸಿದ.

ರಮ್ಯ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. "ಯಾವಳೋ ಆಳಾದೋಳ ಕಣ್ಣು ಬಿತ್ತು" ಎಂದು ಅತ್ತೆ ಒಣಮೆಣಸಿನಕಾಯಿ, ಉಪ್ಪು ಹಿಡಿದು ಅವಳಿಗೂ ಮಗುವಿಗೂ ನಿವಾಳಿಸಿದರು. ಒಲೆಗೆ ಹಾಕಲು ನನ್ನ ಕೈಗೇ ಕೊಟ್ಟರು. ದೃಷ್ಟಿ ತಗುಲಿದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ. ಬೇರೆ ಯಾರಿಗೂ ಬರಲಿಲ್ಲ. ನಾನೊಬ್ಬಳು ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆ.

ಮೂರನೆಯ ದಿನ ಬೆಳಿಗ್ಗೆ ರಮ್ಯ ಅಳುವ ಮಗನನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಬಂದಳು. "ಅಕ್ಕ, ಒಂದ್ ಬಾಟ್ಲು ಕಲ್ಸಿ ಕೊಡ್ತೀಯಾ? ಎಳ್ದು ಎಳ್ದು ಅಳ್ತಾನೆ. ಬರ್ತಾನೇ ಇಲ್ಲ."

ಒಂದು ಕ್ಷಣ ನನಗೆ ಖುಷಿಯಾಯಿತು. ಆ ಖುಷಿಯನ್ನು ನಾನು ಇಂದಿಗೂ ಮರೆತಿಲ್ಲ.

ಸೊಪ್ಪು ಸೋಸುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಇಂಗೆ ಅಳ್ತಾ ಕುಂತ್ರೆ ಎಲ್ಲಿಂದ ಬಂದದು? ಗಾಬ್ರಿ ಬಿದ್ದಿರೋ ಅಸ ಸೊರೆ ಬುಟ್ಟದಾ?" ಆಮೇಲೆ ನನ್ನ ಕಡೆ ನೋಡಿ, "ಇವ್ಳಿಗೂ ಅಂಗೇ ಆಗಿರೋದು. ಊರ್ನೋರೆಲ್ಲ ಬಂದ್ಬಂದು ಕೇಳುದ್ರೆ ಇರೋದೂ ಇಂಗೋಯ್ತದೆ" ಎಂದು ಮೊರ ತೆಗೆದುಕೊಂಡು ಹಿತ್ತಲಿಗೆ ಹೋದರು.

ನಾನು ಬಾಟಲಿಗೆ ಪುಡಿ ಹಾಕುತ್ತಿದ್ದೆ. ರಮ್ಯ ಮೆಲ್ಲಗೆ, "ಬರ್ದೋಳು ನೀನೇ ಅಂತ ಆವತ್ತೇ ಗೊತ್ತಾಯ್ತಕ್ಕ" ಎಂದಳು.

"ಸೊರೆ ಅಂತ ಊರ್ನಲ್ಲಿ ಎಲ್ಲಾರೂ ಅಂತಾರೆ" ಎಂದು ತೊದಲಿದೆ.

"ಅಂತಾರೆ. ಆದ್ರೆ ಕೆಂದಿ ನಮ್ಮನೆ ಹಸು."

ಸುಳ್ಳು ಹೆಸರು ಹುಡುಕಲು ಅರ್ಧ ಗಂಟೆ ತಲೆ ಕೆಡಿಸಿಕೊಂಡವಳು ಹಸುವಿನ ಹೆಸರನ್ನು ಇದ್ದಂತೆಯೇ ಬರೆದಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಗೊತ್ತಿದ್ದೂ ಯಾಕೆ ಸುಮ್ನಿದ್ದೆ?" ಎಂದೆ.

"ತೆಗ್ಯೋಕೆ ಮುಂಚೆ ಆ ವೀಡಿಯೋನ ಇನ್ನೊಂದ್ಸಲ ನೋಡ್ದೆ. ನಿನ್ನ ಬಾಟ್ಲಿ ಸದ್ದು ಕೇಳಿಸ್ತು" ಎಂದಳು. ಅಷ್ಟು ಹೇಳಿ ಅತ್ತಳು. ನಾನೂ ಅತ್ತೆ. "ತಪ್ಪಾಯ್ತು ಕಣೇ" ಎಂದು ಅವಳ ಮಗನನ್ನು ಎತ್ತಿಕೊಂಡು ನಾನೇ ಬಾಟಲಿ ಕುಡಿಸಿದೆ. ಕೂಸು ಚೊರ್ ಚೊರ್ ಎಂದು ಕುಡಿದು ಮಲಗಿತು.

ವಾರದೊಳಗೆ ಅವಳಿಗೆ ಹಾಲು ಮತ್ತೆ ಬಂತು. ನನಗೆ ಬರಲೇ ಇಲ್ಲ. ಆಮೇಲೆ ಗಂಡನನ್ನು ಒಪ್ಪಿಸಿ ಅವಳು ಹಾಕಿದ ಮೊದಲ ವೀಡಿಯೋದಲ್ಲಿ, "ಮನಸ್ಸು ಮಾಡಿದ್ರೂ ಕೆಲವರಿಗೆ ಬರಲ್ಲ. ಅವರೂ ತಾಯೀನೇ" ಎಂದಳು. ಹಿಂದೆ ಟಕಟಕ ಸದ್ದು ಹಾಗೆಯೇ ಇತ್ತು.

ಹೊಟ್ಟೆಕಿಚ್ಚು ಪೂರ್ತಿ ಹೋಯಿತು ಎಂದರೆ ಸುಳ್ಳಾದೀತು. ಅವಳ ಸೆರಗು ಒದ್ದೆಯಾದದ್ದನ್ನು ಕಂಡರೆ ಈಗಲೂ ಎದೆಯಲ್ಲಿ ಏನೋ ಚುರ್ರೆನ್ನುತ್ತದೆ. ಆದರೆ ಸಂಜೆ ಹಾಲು ಕರೆಯಲು ಕೂತಾಗ, ಕರು ಬಿಟ್ಟು ಕೆಂದಿ ಸೊರೆ ಬಿಡುವವರೆಗೆ, ಕೊಟ್ಟಿಗೆಯಲ್ಲಿ ಯಾರನ್ನೂ ಗಟ್ಟಿಯಾಗಿ ಮಾತಾಡಲು ನಾನು ಬಿಡುವುದಿಲ್ಲ.